ಬಟ್ಟೆ ಹಗ್ಗದ ಕಂಬ

ಪುಷ್ಯದಲ್ಲಿ ಬಂದೆ, ಚಳ್ಳಕೆರೆಯಿಂದ ವರ್ಗವಾಗಿ,
ಹೊಸನಗರದಾಚೆ, ಬಸ್ಸು ತಿರುಗಿ ನಿಲ್ಲುವಲ್ಲಿಗೆ,
ಒಂದು ಟ್ರಂಕು, ಒಂದು ಕುಕ್ಕರು, ಕಂಬಳಿ ಎರಡು.
ಆಸ್ಪತ್ರೆಯ ಬೆನ್ನಿಗೆ ಕ್ವಾರ್ಟರ್ಸು,
ಕ್ವಾರ್ಟರ್ಸಿನ ಬೆನ್ನಿಗೆ ಹಿತ್ತಿಲು ಅನ್ನುವುದೊಂದು:
ಒಡೆದ ಒಗೆಯುವ ಕಲ್ಲು, ಬೂದಿಗುಂಡಿ,
ಬೇಲಿ ಹಿಡಿದು ಸೊರಗಿದ ಬಸಳೆ,
ಅಲ್ಲಲ್ಲಿ ನೆಟ್ಟಗೆ ನಿಂತ ಒಣಕಡ್ಡಿ.

ಕೀಳಲು ಹೋದೆ. ಡಿ ಗ್ರೂಪಿನ ಕೆರಿಯಪ್ಪ
ಬೀಡಿ ಕೆಳಗಿಳಿಸಿ ಅಂದ:
"ಇರ್ಲಿ ಬಿಡಿ ಸಿಸ್ಟರೇ, ಸತ್ತದ್ದಲ್ಲ ಅವು, ಮಲಗಿದಾವೆ.
ಸೆವ್ರಿನಾ ಸಿಸ್ಟರು ನೆಟ್ಟದ್ದು."
ಸರಿ, ಮಲಗಲಿ.
ಅದರಲ್ಲೇ ಆಳೆತ್ತರದ್ದೊಂದು, ಮೈತುಂಬ ಪಾಚಿ,
ಎಲೆಯಿಲ್ಲ, ಹೆಸರಿಲ್ಲ.
ಅದಕ್ಕೂ ಕಿಟಕಿಯ ಸರಳಿಗೂ ಹಗ್ಗ ಬಿಗಿದು
ಬಿಳಿ ಯೂನಿಫಾರ್ಮು ಹರವಿದೆ.

ಮಾಘದಲ್ಲಿ ಪುರುಸೊತ್ತಿಲ್ಲ.
ದರಕಿಗೆ ಹೋಗುವವರು ಇಬ್ಬನಿಯಲ್ಲೇ ಸಾಲು ನಿಂತು
ಕೈಕಾಲಿಗೆ ಎಣ್ಣೆ ಬಳಿದುಕೊಳ್ಳುತ್ತಾರೆ, ಉಣ್ಣಿ ಹತ್ತದಿರಲೆಂದು.
ಗೋಡೆಯ ಮೇಲೆ: ಸತ್ತ ಮಂಗ ಕಂಡರೆ ಕೂಡಲೇ ತಿಳಿಸಿ.
ಮಂಗ ಬಂದು ಬಸಳೆ ಕಿತ್ತರೆ ಬೈಯುತ್ತೇನೆ,
ಎರಡು ದಿನ ಬಾರದಿದ್ದರೆ
ಜ್ವರದ ರಿಜಿಸ್ಟರು ತೆಗೆದು ಕೂರುತ್ತೇನೆ.

ಶಿವರಾತ್ರಿಗೆ ಚಳಿ
ಶಿವಶಿವಾ ಅಂತ ಹೊರಟಿತು, ಅರ್ಧ ಮನಸ್ಸಿನಿಂದ.
ಆಮೇಲೆ ಕಡ್ಡಿಯ ಗಿಣ್ಣು ಉಬ್ಬಿತು,
ಸೂಜಿ ಚುಚ್ಚಿಸಿಕೊಂಡ ಮಗುವಿನ ತೋಳಿನ ಹಾಗೆ.
ಮೊದಲು ಚಕ್ರಮುನಿ,
ಇಲ್ಲಿಯವರ ಬಾಯಲ್ಲಿ ವಿಟಮಿನ್ ಸೊಪ್ಪು.
ನಮ್ಮ ಇಲಾಖೆಯದೇ ಗಿಡ ಅಂತ ನಕ್ಕೆ.
ಬೂದಿಗುಂಡಿಯ ಅಂಚಿಗೆ ಕೆಂಪು ಹರಿವೆ, ಯಾರೂ ಬಿತ್ತದ್ದು.
ಬಚ್ಚಲ ನೀರು ಹರಿಯುವಲ್ಲಿ ಒಂದೆಲಗ;
ಬಾಣಂತಿಯ ತಾಯಿಯೊಬ್ಬಳು ಕೇಳದೇ ಕೊಯ್ದಳು,
ಮಾರನೆಯ ದಿನ ಸ್ಟೀಲು ಲೋಟದಲ್ಲಿ
ತಂಬುಳಿ, ನನ್ನ ಪಾಲಿನದು.

ಮಲ್ಲಿಗೆಯ ಬುಡಕ್ಕೆ ಖಾಲಿ ಸಲೈನ್ ಬಾಟಲಿ ತೂಗುಹಾಕಿದೆ,
ನಿಮಿಷಕ್ಕೆ ಹದಿನೈದು ಹನಿ.
ನಿಯಮದ ಪ್ರಕಾರ ತಪ್ಪು.
ಡಾಕ್ಟರು ನೋಡಿದರು, ಗಡಿಯಾರ ಹಿಡಿದು ಎಣಿಸಿದರು,
"ಇಪ್ಪತ್ತು ಮಾಡಿ" ಅಂದರು.

ಫಾಲ್ಗುಣ ಮುಗಿಯುವ ಹೊತ್ತು, ಒಂದು ಭಾನುವಾರ,
ಒದ್ದೆ ಸೀರೆ ಕೊಡವುತ್ತ ಕಂಡೆ:
ಕಂಬದ ತುದಿಯಲ್ಲಿ ತಾಮ್ರ.
ಎಳೆಯದು, ಅಂಚಿಗೆ ಗರಗಸ, ತೊಟ್ಟಿನ ಕಡೆ ಓರೆ.
ಕೈಯ ಕ್ಲಿಪ್ಪು ಬಿತ್ತು.

ಬೇವು.

ಶಾಲೆಯ ಮುಂದಿನದು, ಬಸ್‌ಸ್ಟ್ಯಾಂಡಿನದು,
ದಡಾರ ಎದ್ದಾಗ ಅಜ್ಜಿ ಹಾಸಿದ ಸೊಪ್ಪು,
ಹಲ್ಲಿಗೆ, ಬಾಗಿಲಿಗೆ, ಕಾಳಿನ ಡಬ್ಬಿಗೆ.
ನಲವತ್ತು ವರ್ಷ ಅದರ ನೆರಳಲ್ಲಿ ಉಂಡವಳು
ಎರಡು ತಿಂಗಳು ಅದಕ್ಕೇ ಲಂಗ ನೇತುಹಾಕಿದೆ,
ಗುರುತು ಹತ್ತಲಿಲ್ಲ.

ಹೊನ್ನಾವರಕ್ಕೆ ಫೋನು ಮಾಡಿದೆ.
"ಬೇವಾ? ನಾ ನೆಟ್ಟಿದ್ದಲ್ಲ ಮಾರಾಯ್ತಿ,
ನಾ ಬಂದಾಗಲೇ ಇತ್ತು, ಮೊಣಕಾಲಷ್ಟು.
ಇಲ್ಲಿಯ ಮಳೆಗೆ ಅದು ಏಳುದೇ ಇಲ್ಲ.
ನನಗಿಂತ ಮುಂಚೆ ಯಾರೋ ಗದಗದ ಕಡೆಯವರಂತೆ,
ಹೆಸರು ಗೊತ್ತಿಲ್ಲ."
ಸ್ವಲ್ಪ ಸುಮ್ಮನಿದ್ದು ಕೇಳಿದರು:
"ನನ್ನ ಡೇರೆ ಎದ್ದವಾ?"
ಇನ್ನೂ ಇಲ್ಲ ಅಂದೆ.
"ಮಳೆ ಬೀಳಲಿ" ಅಂದರು.

ಯುಗಾದಿಗೆ ಹೂವಿಲ್ಲ. ಅಷ್ಟು ಕಸುವಿಲ್ಲ ಅದಕ್ಕೆ.
ಒಂದೇ ಎಸಳು ಕಿತ್ತು, ಬೆಲ್ಲದ ಚೂರಿಟ್ಟು
ಕೆರಿಯಪ್ಪನಿಗೂ ಅರ್ಧ ಕೊಟ್ಟೆ.
ಅವನು ಮುಖ ಹಿಂಡಿ ಬೇಲಿಯತ್ತ ತಿರುಗಿ ಉಗುಳಿದ.
ನಾನು ನಿಧಾನ ಅಗಿದೆ.
ಕಹಿ ಹೌದು.
ನಮ್ಮೂರಿನಷ್ಟಿಲ್ಲ.

ಹಗ್ಗ ಬಿಚ್ಚಿದೆ. ಉಜ್ಜಿದ ಕಡೆ ಪಾಚಿ ಹೋಗಿ
ತೊಗಟೆ ಕಂಡಿದೆ, ಒಂದು ಬೆರಳಗಲ.
ಈಗ ಬಚ್ಚಲ ಗೋಡೆಯ ಮೊಳೆಗೆ ಕಟ್ಟಿದ್ದೇನೆ,
ಅಲ್ಲಿಗೆ ಬಿಸಿಲು ಬರುವುದು ಮೂರರ ಮೇಲೆ.
ಸೋಮವಾರ ಅರೆ ಒದ್ದೆ ಕಾಲರಿನಲ್ಲೇ
ಡ್ಯೂಟಿಗೆ ಹೋದೆ.